ಪದ ಬದಲಾದರೆ ಸಾಲದು: ಲೇಖನ ಮರುಬರೆಯುವ ತಂತ್ರಾಂಶಗಳು ಸುಧಾರಿಸಬೇಕಾದ ದಾರಿ



ಒಂದು ಲೇಖನವನ್ನು ಕೊಟ್ಟರೆ ಅದನ್ನೇ ಬೇರೆ ಮಾತುಗಳಲ್ಲಿ ಬರೆದುಕೊಡುವ ತಂತ್ರಾಂಶಗಳು ಇಂದಿನ ನನ್ನ ವಿಷಯ. ಇವು ಬಹಳ ಸುಧಾರಿಸಿವೆ ಎಂದು ಎಲ್ಲರೂ ಹೇಳುತ್ತಾರೆ. ಯಾವುದಕ್ಕಾಗಿ ಸುಧಾರಿಸಿವೆ, ಇನ್ನು ಮುಂದೆ ಯಾವುದಕ್ಕಾಗಿ ಸುಧಾರಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

1. ಪದಕ್ಕೆ ಪದ

ಈ ತಂತ್ರಾಂಶಗಳು ಬೆಳೆದದ್ದು ಇಂಗ್ಲಿಷ್ ಅಂತರಜಾಲದಲ್ಲಿ, ವ್ಯಾಪಾರದ ಒತ್ತಡದಲ್ಲಿ. ಹುಡುಕಿದಾಗ ತಮ್ಮ ಜಾಲತಾಣವೇ ಮೇಲೆ ಕಾಣಬೇಕೆಂದು ಬಯಸಿದವರಿಗೆ ರಾಶಿ ರಾಶಿ ಪುಟಗಳು ಬೇಕಿದ್ದವು. ಒಂದೇ ಪುಟವನ್ನು ನಕಲು ಮಾಡಿದರೆ ಸರ್ಚ್ ಎಂಜಿನ್ ಹಿಡಿಯುತ್ತಿತ್ತು. ಅದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಲೇಖನದ ಆಯ್ದ ಜಾಗಗಳಲ್ಲಿ ಪರ್ಯಾಯ ಪದಗಳನ್ನು ಆವರಣದೊಳಗೆ ಬರೆದಿಟ್ಟರೆ, ತಂತ್ರಾಂಶ ಪ್ರತಿ ಸಲ ಅವುಗಳಲ್ಲಿ ಒಂದನ್ನು ಆರಿಸುತ್ತಿತ್ತು. ಐದು ಜಾಗಗಳಲ್ಲಿ ಮೂರು ಮೂರು ಪರ್ಯಾಯಗಳಿದ್ದರೆ ಒಂದೇ ಬರಹದಿಂದ 243 ಬರಹಗಳು ಹುಟ್ಟುತ್ತವೆ. ಓದುಗನಿಗೆ ಅವುಗಳಲ್ಲಿ ಹೊಸದೇನೂ ಇರುವುದಿಲ್ಲ. 2011ರಲ್ಲಿ ಗೂಗಲ್ ತನ್ನ ‘ಪಾಂಡಾ’ ಬದಲಾವಣೆಯ ಮೂಲಕ ಇಂಥ ಸತ್ವಹೀನ ತಾಣಗಳನ್ನು ಕೆಳಕ್ಕೆ ತಳ್ಳಲು ಆರಂಭಿಸಿತು.

ಇದೇ ವಿಧಾನ ವಿಜ್ಞಾನದ ಬರವಣಿಗೆಗೂ ನುಸುಳಿತು. 2021ರಲ್ಲಿ ಗಿಯೋಮ್ ಕಬಾನಾಕ್, ಸಿರಿಲ್ ಲಾಬೆ ಮತ್ತು ಅಲೆಕ್ಸಾಂಡರ್ ಮಗಜಿನೊವ್ ಎಂಬ ಸಂಶೋಧಕರು ಪ್ರಕಟಿತ ಪ್ರಬಂಧಗಳಲ್ಲಿ ವಿಚಿತ್ರ ಮಾತುಗಳನ್ನು ಗುರುತಿಸಿದರು. ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಇರಬೇಕಾದಲ್ಲಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’, ಅಂದರೆ ಖೋಟಾ ಪ್ರಜ್ಞೆ. ‘ಬ್ರೆಸ್ಟ್ ಕ್ಯಾನ್ಸರ್’ ಇರಬೇಕಾದಲ್ಲಿ ‘ಬೋಸಮ್ ಪೆರಿಲ್’, ಅಂದರೆ ಎದೆಯ ಅಪಾಯ. ಕೃತಿಚೌರ್ಯ ಪತ್ತೆಗೆ ಸಿಗದಂತೆ ತಂತ್ರಾಂಶದಿಂದ ಪದ ಬದಲಿಸಿದ್ದರ ಗುರುತುಗಳು ಇವು. ಆ ಸಂಶೋಧಕರು ಇವನ್ನು ಚಿತ್ರಹಿಂಸೆಗೊಳಗಾದ ನುಡಿಗಟ್ಟುಗಳು ಎಂದು ಕರೆದರು. ರೋಗದ ಹೆಸರೇ ಅಳಿಸಿಹೋದ ಪ್ರಬಂಧವನ್ನು ನಂಬಿ ಯಾವ ವೈದ್ಯರು ಮುಂದುವರಿಯಬಲ್ಲರು?

2. ನಯವಾದ ವಾಕ್ಯ, ಜಾರಿದ ಅರ್ಥ

ಆ ಹಂತವನ್ನು ತಂತ್ರಜ್ಞಾನ ದಾಟಿದೆ. 2013ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ‘ವರ್ಡ್‌ಟುವೆಕ್’, ಪದದ ಅರ್ಥವನ್ನು ಅದರ ಅಕ್ಕಪಕ್ಕದ ಪದಗಳಿಂದ ಕಲಿಯುವ ವಿಧಾನವನ್ನು ಜನಪ್ರಿಯಗೊಳಿಸಿತು. 2017ರಲ್ಲಿ ಬಂದ ‘ಟ್ರಾನ್ಸ್‌ಫಾರ್ಮರ್’ ಎಂಬ ಮಾದರಿ ಇಡೀ ವಾಕ್ಯವನ್ನು ಒಟ್ಟಿಗೆ ಗಮನಿಸುವುದನ್ನು ಸಾಧ್ಯವಾಗಿಸಿತು. ಇಂದಿನ ತಂತ್ರಾಂಶ ವಾಕ್ಯವನ್ನು ಒಡೆಯುತ್ತದೆ, ಕೂಡಿಸುತ್ತದೆ, ಹಿಂದುಮುಂದು ಮಾಡುತ್ತದೆ. ಫಲಿತಾಂಶ ಸರಾಗವಾಗಿ ಓದಿಸಿಕೊಳ್ಳುತ್ತದೆ.

ಆದರೆ ಅಪಾಯ ಹೆಚ್ಚಾಗಿದೆ ಎಂಬುದೇ ನನ್ನ ವಾದ. ಹಳೆಯ ತಂತ್ರಾಂಶದ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಹೊಸದರ ತಪ್ಪು ಒಳ್ಳೆಯ ವಾಕ್ಯದೊಳಗೆ ಅಡಗಿರುತ್ತದೆ. ‘ಈ ಔಷಧಿ ಕೆಲವರಲ್ಲಿ ನೋವು ಕಡಿಮೆ ಮಾಡಬಹುದು’ ಎಂಬುದು ‘ಈ ಔಷಧಿ ನೋವು ಕಡಿಮೆ ಮಾಡುತ್ತದೆ’ ಎಂದಾದರೆ ವ್ಯಾಕರಣ ಸರಿಯಿದೆ, ಸತ್ಯ ಹೋಗಿದೆ. ‘ಕೆಲವರಲ್ಲಿ’, ‘ಬಹುದು’, ‘ಹೊರತು’, ‘ಅಲ್ಲ’ ಎಂಬ ಸಣ್ಣ ಮಾತುಗಳಲ್ಲಿ ಬರೆದವರ ಎಚ್ಚರಿಕೆಯೆಲ್ಲ ಇರುತ್ತದೆ. ಮರುಬರಹದಲ್ಲಿ ಮೊದಲು ಕಳಚುವವೂ ಅವೇ.

3. ಕನ್ನಡದ ಬೇಡಿಕೆಗಳು

ಪದಕ್ಕೆ ಪದ ಇಡುವ ವಿಧಾನ ಕನ್ನಡದಲ್ಲಿ ಇನ್ನೂ ಬೇಗ ಸೋಲುತ್ತದೆ. ‘ಮನೆಗೆ’ ಎಂಬಲ್ಲಿ ಮನೆಯನ್ನು ತೆಗೆದು ‘ಗೃಹ’ ಇಟ್ಟರೆ ‘ಗೃಹಗೆ’ ಆಗುತ್ತದೆ. ಅದು ‘ಗೃಹಕ್ಕೆ’ ಆಗಬೇಕು. ‘ಕಾಲು ಕಿಲೋ ಸಕ್ಕರೆ’ಯಲ್ಲಿನ ಕಾಲಿಗೆ ‘ಪಾದ’ ಸಮಾನಾರ್ಥಕವಲ್ಲ. ವಿಭಕ್ತಿ, ಸಂಧಿ, ಲಿಂಗ, ವಚನ ಎಲ್ಲವೂ ಒಂದನ್ನೊಂದು ಹಿಡಿದಿರುತ್ತವೆ. ‘ಅಜ್ಜಿ ಬಂದರು’ ಎಂದು ಬರೆದದ್ದು ‘ಅಜ್ಜಿ ಬಂದಳು’ ಎಂದಾದರೆ ಸುದ್ದಿ ಅದೇ, ಬರೆದವರು ಅಜ್ಜಿಗೆ ಕೊಟ್ಟ ಗೌರವ ಬೇರೆ.

ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡ 2022ರಲ್ಲಿ ಹೊರತಂದ ದತ್ತಾಂಶ ಸಂಗ್ರಹದಲ್ಲಿ ಕನ್ನಡವೂ ಸೇರಿದಂತೆ 11 ಭಾರತೀಯ ಭಾಷೆಗಳಿಗೆ ಸಮಾನಾರ್ಥಕ ವಾಕ್ಯಗಳಿವೆ. ಇದು ಸ್ವಾಗತಾರ್ಹ ಕೆಲಸ. ಅಲ್ಲಿ ಒಂದೇ ಇಂಗ್ಲಿಷ್ ವಾಕ್ಯಕ್ಕೆ ಸರಿಹೊಂದುವ ಎರಡು ಕನ್ನಡ ವಾಕ್ಯಗಳನ್ನು ಜೋಡಿ ಮಾಡಲಾಗಿದೆ. ಹೀಗೆ ಇಂಗ್ಲಿಷಿನ ಮೂಲಕ ಸಿಕ್ಕ ಜೋಡಿಗಳ ಜೊತೆಗೆ, ಕನ್ನಡದಲ್ಲೇ ಯೋಚಿಸಿ ಕನ್ನಡದಲ್ಲೇ ಮರುಬರೆದ ಜೋಡಿಗಳೂ ಬೇಕು. ಧಾರವಾಡ, ಮಂಗಳೂರು, ಕಲಬುರಗಿ, ಮೈಸೂರಿನವರು ಒಂದೇ ವಿಷಯವನ್ನು ತಮ್ಮ ತಮ್ಮ ರೀತಿಯಲ್ಲಿ ಹೇಳುವ ಕ್ರಮ ಅಲ್ಲಿ ದಾಖಲಾಗಬೇಕು. ಆ ಕೆಲಸ ನಮ್ಮ ಕನ್ನಡ ವಿಭಾಗಗಳಿಂದ ಆಗಬೇಕಾದದ್ದು.

4. ಸುಧಾರಣೆಯ ಅಳತೆ

ಮೂಲಕ್ಕೂ ಮರುಬರಹಕ್ಕೂ ಹೋಲಿಕೆ ಎಷ್ಟು ಶೇಕಡ ಇಳಿಯಿತು ಎಂಬುದರಿಂದಲೇ ಇಂದು ಅನೇಕರು ತಂತ್ರಾಂಶವನ್ನು ಅಳೆಯುತ್ತಾರೆ. ನಮ್ಮ ವಿದ್ಯಾರ್ಥಿಗಳಿಗೂ ಇದೇ ಭಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 60 ಮೀರಿದರೆ ಸಂಶೋಧನಾ ನೋಂದಣಿಯೇ ರದ್ದಾಗುತ್ತದೆ. ಆ ಸಂಖ್ಯೆಯನ್ನು ಇಳಿಸಲೆಂದೇ ಮರುಬರೆಯುವ ತಂತ್ರಾಂಶದ ಮೊರೆ ಹೋಗುವವರಿದ್ದಾರೆ. ಅದೇ ನಿಯಮಾವಳಿಯನ್ನು ಪೂರ್ತಿ ಓದಬೇಕೆಂದು ಅವರಲ್ಲಿ ನನ್ನ ವಿನಂತಿ. ಮೂಲವನ್ನು ಹೆಸರಿಸಿ ಉದ್ಧರಿಸಿದ ಭಾಗವನ್ನು ಅದು ಲೆಕ್ಕದಿಂದ ಹೊರಗಿಡುತ್ತದೆ. ಬೇರೆಯವರ ವಿಚಾರವನ್ನು ತನ್ನದೆಂದು ತೋರಿಸುವುದೂ ಕೃತಿಚೌರ್ಯವೇ ಎನ್ನುತ್ತದೆ. ಬಾಡಿಗೆ ಮನೆಗೆ ಹೊಸ ಸುಣ್ಣ ಬಳಿದ ಮಾತ್ರಕ್ಕೆ ಅದು ಸ್ವಂತ ಮನೆಯಾಗುವುದಿಲ್ಲ.

ನಾನು ಕೇಳುವ ಸುಧಾರಣೆಗಳು ಮೂರು. ಮೊದಲನೆಯದು, ಅರ್ಥದ ಪರೀಕ್ಷೆ. ಮೂಲ ನಿಜವಾದರೆ ಮರುಬರಹವೂ ನಿಜವೇ, ಮರುಬರಹ ನಿಜವಾದರೆ ಮೂಲವೂ ನಿಜವೇ ಎಂದು ಎರಡೂ ದಿಕ್ಕಿನಿಂದ ನೋಡುವ ವಿಧಾನಗಳು ಈಗಾಗಲೇ ಇವೆ. ಅವು ಪ್ರತಿ ತಂತ್ರಾಂಶದಲ್ಲೂ ಇರಬೇಕು. ಎರಡನೆಯದು, ಬದಲಾದ ಅಂಕಿ, ಹೆಸರು, ನಿಷೇಧ, ಷರತ್ತುಗಳನ್ನು ಬಣ್ಣದಿಂದ ಗುರುತಿಸಿ ಸಂಪಾದಕರಿಗೆ ತೋರಿಸುವುದು; ಕೊನೆಯ ಒಪ್ಪಿಗೆ ಮನುಷ್ಯರದೇ ಇರಬೇಕು. ಮೂರನೆಯದು, ಮೂಲ ಲೇಖಕರ ಹೆಸರು ಮರುಬರಹದಿಂದ ಕಳಚಿಹೋಗದಂತೆ ನೋಡಿಕೊಳ್ಳುವುದು.

5. ಮರುಬರಹದ ಗೌರವ

ಮರುಬರಹ ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ನಮ್ಮ ಸಾಹಿತ್ಯದ ಶಿಖರಗಳೇ ಮರುಬರಹಗಳು. 10ನೆಯ ಶತಮಾನದ ಪಂಪ ಮಹಾಭಾರತದ ಕಥೆಯನ್ನು ಮತ್ತೆ ಹೇಳಿದ. ವ್ಯಾಸರ ಹಿರಿಮೆಯನ್ನು ಕಾವ್ಯದ ಆರಂಭದಲ್ಲೇ ಒಪ್ಪಿಕೊಂಡ. ಗದುಗಿನ ನಾರಣಪ್ಪ ವ್ಯಾಸರ ಹೆಸರನ್ನೇ ತನ್ನ ಕಾವ್ಯನಾಮದಲ್ಲಿ ಸೇರಿಸಿಕೊಂಡು ಆ ಋಣವನ್ನು ಹೊತ್ತ. ಇಬ್ಬರೂ ಮೂಲವನ್ನು ಮುಚ್ಚಿಡಲಿಲ್ಲ. ತಮ್ಮ ಕಾಲದ ಕೇಳುಗರಿಗೆ ಅದನ್ನು ತಲುಪಿಸಿದರು.

ಇಂದು ಹಾಗೆ ತಲುಪಬೇಕಾದದ್ದು ಬೇಕಾದಷ್ಟಿದೆ. ಬೆಳೆ ವಿಮೆಯ ಷರತ್ತು, ಸರ್ಕಾರಿ ಆದೇಶ, ನ್ಯಾಯಾಲಯದ ತೀರ್ಪು, ಆಸ್ಪತ್ರೆಯ ಸೂಚನಾಪತ್ರ ಇವೆಲ್ಲ ಓದುಬರಹ ಬಲ್ಲವರಿಗೂ ಅರ್ಥವಾಗದ ಕನ್ನಡದಲ್ಲಿ ಇರುವುದನ್ನು ನಾವು ದಿನವೂ ಕಾಣುತ್ತೇವೆ. ಅರ್ಥ ಕೆಡದಂತೆ ಅವನ್ನು ತಿಳಿಗನ್ನಡಕ್ಕೆ ತರುವ ತಂತ್ರಾಂಶ ನಮಗೆ ತುರ್ತಾಗಿ ಬೇಕು.

ವಿದ್ಯಾರ್ಥಿ ಮಿತ್ರರೇ, ಮೂಲವನ್ನು ಮರೆಮಾಡುವ ತಂತ್ರಾಂಶ ಎಷ್ಟೇ ಸುಧಾರಿಸಿದರೂ ಅದು ಕಳ್ಳತನಕ್ಕೆ ನೆರವಾಗುವ ಸಾಧನವೇ. ನಿಮ್ಮಲ್ಲಿ ಕನ್ನಡ ಬಲ್ಲವರೂ ಇದ್ದೀರಿ, ಕಂಪ್ಯೂಟರ್ ಬಲ್ಲವರೂ ಇದ್ದೀರಿ. ಒಂದು ಸರ್ಕಾರಿ ಆದೇಶವನ್ನು ಎದುರಿಗಿಟ್ಟುಕೊಂಡು ಇಬ್ಬರೂ ಒಟ್ಟಿಗೆ ಕುಳಿತು ಕೆಲಸ ಆರಂಭಿಸಿ. ಓದುವ ರೈತನಿಗೆ ಅದು ಅರ್ಥವಾಯಿತೇ ಎಂದು ಕೇಳಿ ನೋಡಿ. ನಿಮ್ಮ ತಂತ್ರಾಂಶದ ಪರೀಕ್ಷೆ ಅದೇ ಆಗಲಿ.