ಎಂಜಿನ್ನಿನ ರೋಗನಿದಾನ



ವೈದ್ಯನೊಬ್ಬ ಮೋಟಾರು ವಾಹನವನ್ನು ಕುರಿತು ಮಾತನಾಡುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಹಳೆಯ ಕಾರನ್ನು ಕೊಂಡು, ಅದರ ಎಂಜಿನ್ನನ್ನು ತಮ್ಮಿಷ್ಟದಂತೆ ಮಾರ್ಪಡಿಸುವ ಹವ್ಯಾಸವುಳ್ಳ ಮಕ್ಕಳು ಬ್ರಾಂಪ್ಟನ್, ಮಿಸಿಸಾಗಾಗಳ ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅಂತಹ ಕಾರು 401ನೇ ಹೆದ್ದಾರಿಯ ಮಧ್ಯದಲ್ಲಿ ಹಠಾತ್ತನೆ ಶಕ್ತಿಗುಂದಿದರೆ ಒದಗುವುದು ಪ್ರಾಣಾಪಾಯ.

ಎಂಜಿನ್ನಿಗೆ ಗಾಳಿಯನ್ನು ಬಿಡುವ ಕವಾಟವೇ ಥ್ರಾಟಲ್. ಅದು ಎಷ್ಟು ತೆರೆದಿದೆಯೆಂಬುದನ್ನು ಒಂದು ಸೆನ್ಸರ್ ಎಂಜಿನ್ನಿನ ಗಣಕಯಂತ್ರಕ್ಕೆ ತಿಳಿಸುತ್ತದೆ. ಕೇಬಲ್ಲಿನಿಂದ ತೆರೆಯುವ ಥ್ರಾಟಲ್‌ಗಳಲ್ಲಿ ಸಾಮಾನ್ಯವಾಗಿ ಗಣಕವು ಸೆನ್ಸರಿಗೆ 5 ವೋಲ್ಟ್ ಕೊಡುತ್ತದೆ. ಕವಾಟ ಮುಚ್ಚಿದ್ದಾಗ ಸುಮಾರು 0.5, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್ ಮರಳಿ ಬರುತ್ತದೆ.

ಕೆನಡಾದಲ್ಲಿ 1998ರ ಮಾದರಿಯಿಂದೀಚಿನ ಕಾರುಗಳು ತಮ್ಮ ದೋಷವನ್ನು ಸಂಕೇತಾಂಕಗಳಲ್ಲಿ ಹೇಳಬಲ್ಲವು. ‘ಪಿ 0122’ ಎಂದರೆ ಥ್ರಾಟಲ್ ಸೆನ್ಸರಿನ ವೋಲ್ಟೇಜು ತೀರ ಕಡಿಮೆಯಿದೆ ಎಂದಷ್ಟೇ ಅರ್ಥ. ಸೆನ್ಸರೇ ಕೆಟ್ಟಿದೆ ಎಂದಲ್ಲ. ಥರ್ಮಾಮೀಟರು ಜ್ವರವನ್ನು ತೋರಿಸುತ್ತದೆ. ಅದು ಮಲೇರಿಯವೋ ನ್ಯುಮೋನಿಯವೋ ಹೇಳಲಾರದು.

ಆದುದರಿಂದ ಮೊದಲು ಪೂರ್ವವೃತ್ತಾಂತವನ್ನು ಕೇಳಬೇಕು. ದೊಡ್ಡ ಥ್ರಾಟಲ್ ಕೂಡಿಸಲಾಗಿದೆಯೇ? ಗಣಕದ ಪ್ರೋಗ್ರಾಮನ್ನು ಬದಲಿಸಲಾಗಿದೆಯೇ? ಚಳಿಗಾಲಕ್ಕೆಂದು ರಿಮೋಟ್ ಸ್ಟಾರ್ಟರ್, ಸಂಗೀತಕ್ಕೆಂದು ಆಂಪ್ಲಿಫೈಯರ್ ಜೋಡಿಸಲು ತಂತಿಗಳನ್ನು ಕತ್ತರಿಸಲಾಗಿದೆಯೇ? ಇಲ್ಲಿನ ರಸ್ತೆಗಳಿಗೆ ಸುರಿಯುವ ಉಪ್ಪು ಅಂತಹ ಜೋಡಣೆಗಳನ್ನು ಬೇಗನೆ ತಿನ್ನುತ್ತದೆ.

ಅನಂತರ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುಗಿಸಿ, ಥ್ರಾಟಲನ್ನು ಮೆಲ್ಲಗೆ ತೆರೆಯುತ್ತ ಮೀಟರನ್ನು ನೋಡಬೇಕು. ವೋಲ್ಟೇಜು ಏಕರೀತಿಯಾಗಿ ಏರದೆ ನಡುವೆ ಕುಸಿದರೆ ಸೆನ್ಸರನ್ನು ಶಂಕಿಸಬಹುದು. 5 ವೋಲ್ಟೇ ತಲಪದಿದ್ದರೆ ತಂತಿಯನ್ನು ಹುಡುಕಬೇಕು. ಅರ್ತಿಂಗ್ ಸಡಿಲವಾಗಿದ್ದರೆ ನಿರೋಗಿಯಾದ ಸೆನ್ಸರೂ ಸುಳ್ಳು ಹೇಳುತ್ತದೆ. ಇವೆಲ್ಲ ಸರಿಯೆಂದು ಖಚಿತವಾದ ಮೇಲಷ್ಟೇ ಗಣಕದ ಮೇಲೆ ಸಂಶಯಪಡಬೇಕು. ಬೆಲೆಬಾಳುವ ಆ ಪೆಟ್ಟಿಗೆಯನ್ನು ಮೊದಲೇ ಬದಲಿಸುವುದು ನಿದಾನವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದಂತೆ. ಹೊಸ ಕಾರುಗಳ ವಿದ್ಯುತ್‌ಚಾಲಿತ ಥ್ರಾಟಲಿಗೆ ಕೈಹಾಕದೆ, ಅದರ ಜೋಡಿ ಸೆನ್ಸರುಗಳನ್ನು ಸ್ಕ್ಯಾನರಿನಿಂದಲೇ ಪರೀಕ್ಷಿಸತಕ್ಕದ್ದು.

ಒಂಟಾರಿಯೋದಲ್ಲಿ 1999ರಲ್ಲಿ ಆರಂಭವಾದ ‘ಡ್ರೈವ್ ಕ್ಲೀನ್’ ಹೊಗೆ ತಪಾಸಣೆಯು ಖಾಸಗಿ ಕಾರುಗಳಿಗೆ 2019ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಎಂಜಿನ್ ದೀಪ ಉರಿಯುತ್ತಿದ್ದರೂ ಆ ತಪಾಸಣೆಯ ನೆಪದಲ್ಲಿ ಕಾರನ್ನು ತಡೆದು ನೋಡುವವರು ಈಗ ಇಲ್ಲ. ಆ ಹೊಣೆ ಮನೆಯವರದು.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ: “ಕಾರಿಗೆ ಏನೇನು ಮಾಡಿಸಿದ್ದೀಯಪ್ಪಾ?” ಎಂದು ಸಮಾಧಾನದಿಂದ ಕೇಳಿರಿ. ಗದರಿದರೆ ರೋಗಿ ಸತ್ಯವನ್ನು ಮುಚ್ಚಿಡುತ್ತಾನೆ, ಮಗನೂ ಹಾಗೆಯೇ. ಆಗ ಅತ್ಯುತ್ತಮ ಮೆಕ್ಯಾನಿಕ್ಕನೂ ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ.