ಊರು ಬಿಡೋದಾದರೆ ಯಾವ ಊರಿಗೆ?

(ಮಲಪನಗುಡಿಯ ಕೂಲಿಕಾರರ ಸಭೆಯಲ್ಲಿ ಆಡಿದ ಮಾತು)



ಇವತ್ತು ಗುಳೆ ಹೋಗೋ ವಿಷಯ ಮಾತಾಡೋಣ. ಊರು ಬಿಡಬೇಕೋ ಬೇಡವೋ ಅನ್ನೋದು ಒಂದು ಪ್ರಶ್ನೆ. ಬಿಡಲೇಬೇಕಾದರೆ ಯಾವ ಊರಿಗೆ ಅನ್ನೋದು ಇನ್ನೊಂದು. ಮೊದಲನೇದಕ್ಕೆ ನಮ್ಮ ಹೊಟ್ಟೆಯೇ ಉತ್ತರ ಹೇಳಿಬಿಡುತ್ತದೆ. ಎರಡನೇದನ್ನು ನಾವು ಕೇಳಿಕೊಳ್ಳೋದೇ ಇಲ್ಲ. ಮೇಸ್ತ್ರಿ ಯಾವ ಊರಿನ ಹೆಸರು ಹೇಳುತ್ತಾನೋ ಆ ಊರಿಗೆ ಗಂಟುಮೂಟೆ ಕಟ್ಟುತ್ತೇವೆ.

ಈ ಸೀಮೆಯಲ್ಲಿ ಜನ ಊರು ಬಿಟ್ಟದ್ದು ಹೊಸದೇನಲ್ಲ. 1945ರಲ್ಲಿ ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳಿಗೆ ಮುಳುಗಡೆಯ ಪೆಟ್ಟು ಬಿತ್ತು. ನಾರಾಯಣದೇವರಕೆರೆ ಮುಳುಗಿ ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದರು. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸಿತು. ಕಾಡು, ನೀರು ಉಳಿಯಲಿ ಅಂತ ಅದು ಬೇಕಿತ್ತು. ಆದರೆ ಅದಿರು ಹೊತ್ತವರ, ಜಲ್ಲಿ ಒಡೆದವರ, ಲಾರಿ ಕ್ಲೀನರ್ ಆಗಿದ್ದವರ ಒಲೆಯೂ ಆರಿತು. ಅದೇ ಜುಲೈ ಕೊನೆಗೆ ಹಂಪಿ ಬಜಾರಿನ ಮನೆ, ಅಂಗಡಿಗಳ ಮೇಲೆ ಜೆ.ಸಿ.ಬಿ. ಬಂತು. ಡ್ಯಾಮಿಗೊಂದು ಲೆಕ್ಕ, ಗಣಿಗೊಂದು ಲೆಕ್ಕ, ಗುಡಿಗೊಂದು ಲೆಕ್ಕ. ನೀನು ಎಲ್ಲಿಗೆ ಹೋಗುತ್ತೀಯಪ್ಪ ಅಂತ ಕೂಲಿಯವನನ್ನು ಕೇಳೋ ಲೆಕ್ಕ ಮಾತ್ರ ಯಾವ ಕಡತದಲ್ಲೂ ಇರಲಿಲ್ಲ.

ಅದಕ್ಕೇ ಹೇಳುತ್ತೇವೆ: ಊರು ಆರಿಸೋದು ಉಳ್ಳವರ ಶೋಕಿಯಲ್ಲ, ಅದು ನಮ್ಮ ಹಕ್ಕು. ಆರಿಸೋ ಅಳತೆ ಕೂಲಿ ಒಂದೇ ಆಗಬಾರದು.

ಬಾಬಾಸಾಹೇಬರ ಮನೆತನವೂ ಊರಿಂದ ಊರಿಗೆ ಹೋದದ್ದೇ. ಮಹೂ ದಂಡಿನಲ್ಲಿ 1891ರಲ್ಲಿ ಹುಟ್ಟಿದರು. ಆಮೇಲೆ ದಾಪೋಲಿ, ಸಾತಾರಾ, ಕಡೆಗೆ ಮುಂಬಯಿ. ಪರೇಲಿನ ಚಾಳಿನ ಒಂದು ಕೋಣೆಯಲ್ಲಿ ಇಡೀ ಸಂಸಾರ. ಕೋಣೆ ಇಕ್ಕಟ್ಟು, ಆದರೆ ಆ ಊರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿತ್ತು. 1907ರಲ್ಲಿ ಮೆಟ್ರಿಕ್ ಪಾಸಾದರು. ಅದೇ ಮನುಷ್ಯ ಅಮೆರಿಕಾ, ಲಂಡನ್ ನೋಡಿಬಂದು 1917ರಲ್ಲಿ ಬರೋಡಾಕ್ಕೆ ದೊಡ್ಡ ನೌಕರಿಗೆ ಹೋದಾಗ ತಲೆ ಮೇಲೆ ಸೂರು ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಹೊರಗೆ ಹಾಕಿದರು. ಪಟ್ಟಣ ಜಾತಿ ಕೇಳೋದಿಲ್ಲ ಅನ್ನೋದು ಸುಳ್ಳು. ಬಾಡಿಗೆ ಮನೆ ಬಾಗಿಲಲ್ಲಿ ನಿಂತಾಗ ಗೊತ್ತಾಗುತ್ತದೆ. "ನೀವು ಯಾವ ಪೈಕಿ?" ಅಂತ ಕೇಳುತ್ತಾರೆ. "ಮನೇಲಿ ಏನೇನು ಅಡುಗೆ ಮಾಡ್ತೀರಿ?" ಅಂತಲೂ ಕೇಳುತ್ತಾರೆ. ಎರಡೂ ಒಂದೇ ಪ್ರಶ್ನೆ.

ಹಾಗಾದರೆ ಹೇಗೆ ಆರಿಸಬೇಕು? ನಾಲ್ಕು ಮಾತು ಕೇಳಿ ನೋಡಿರಿ.

ಒಂದು, ಶಾಲೆ. ಮಗು ಕಲಿಯೋ ಭಾಷೆಯ ಶಾಲೆ ಅಲ್ಲಿ ಐತೋ ಇಲ್ಲೋ? ಸರ್ಕಾರಿ ಹಾಸ್ಟೆಲ್ ಐತೋ? ಟಿ.ಸಿ. ತಡವಾಯಿತು ಅಂತ 6ರಿಂದ 14 ವರ್ಷದ ಮಗುವನ್ನು ಹೊರಗೆ ನಿಲ್ಲಿಸೋ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕಿನ ಕಾಯ್ದೆ ಹೇಳುತ್ತದೆ. ಹೆಡ್‌ಮಾಸ್ತರರ ಮುಂದೆ ಈ ಮಾತು ಗಟ್ಟಿಯಾಗಿ ಹೇಳಿ.

ಎರಡು, ಜಾತಿ ಪತ್ರ. ಇದನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯೋದಿಲ್ಲ. ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು ಎಲ್ಲಿಗೆ ಹೋದರೂ ಕರ್ನಾಟಕದೊಳಗೆ ನಮ್ಮ ಪತ್ರ ನಡೆಯುತ್ತದೆ. ಗಡಿ ದಾಟಿದರೆ ಕಥೆ ಬೇರೆ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯದ ನೌಕರಿಯಲ್ಲಿ ಮೀಸಲಾತಿ ಕೇಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಗೋವಾದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಹೊಲೆಯ, ಮಾದಿಗ, ಲಂಬಾಣಿ, ಭೋವಿ ಹೆಸರೇ ಇಲ್ಲ. ಅಲ್ಲಿ ಅಸ್ಪೃಶ್ಯತೆ ಅನುಭವಿಸಬಹುದು, ಅದಕ್ಕೆ ಕೊಟ್ಟ ಹಕ್ಕು ಮಾತ್ರ ಸಿಗೋದಿಲ್ಲ. ವಾಸ್ಕೋ ರೈಲು ಹೊಸಪೇಟೆಯಲ್ಲೇ ಸಿಗುತ್ತದೆ, ಹತ್ತೋದು ಸುಲಭ. ಹತ್ತೋ ಮುಂಚೆ ಮಗುವಿನ ಮುಂದಿನ ಇಪ್ಪತ್ತು ವರ್ಷ ಯೋಚನೆ ಮಾಡಿ. ನಮ್ಮ ಜಿಲ್ಲೆ 371-ಜೆ ಸೀಮೆಗೆ ಸೇರಿದ್ದು. ಊರಲ್ಲಿರುವಾಗಲೇ ಮಕ್ಕಳ ಜಾತಿ ಪತ್ರ, 371-ಜೆ ಪತ್ರ ಎರಡನ್ನೂ ಮಾಡಿಸಿ ಇಟ್ಟುಕೊಳ್ಳಿ.

ಮೂರು, ಸೂರು. ಜೋಪಡಿ ಹಾಕಲು ಜಾಗ ತೋರಿಸೋರು ಬೇಕಾದಷ್ಟು ಜನ ಸಿಗುತ್ತಾರೆ. ಅದು ಯಾರ ಜಾಗ ಅಂತ ಕೇಳಿ. ಗೋವಾದ ಬೈನಾದಲ್ಲಿ 2004ರಲ್ಲಿ ಕನ್ನಡದ ಕೂಲಿಗಳ ಮನೆಗಳನ್ನು ಕೆಡವಿದರು. ಪರರಾಜ್ಯ, ಹಂಗೇ ಅಂತೀರೇನು? 2013ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ಈಜಿಪುರದಲ್ಲೇ ಬಡವರ ಸಾವಿರಾರು ಮಂದಿ ಬೀದಿಗೆ ಬಿದ್ದರು. ಕನ್ನಡ ಮಾತಾಡೋ ಬುಲ್ಡೋಜರ್ ಕೂಡ ಬುಲ್ಡೋಜರೇ.

ನಾಲ್ಕು, ಅನ್ನ ಮತ್ತು ಆಸರೆ. ರೇಷನ್ ಕಾರ್ಡ್ ಈಗ ದೇಶದ ಯಾವ ರಾಜ್ಯದ ಅಂಗಡಿಯಲ್ಲಾದರೂ ನಡೆಯಬೇಕು. ಆದರೆ ಹೊರ ರಾಜ್ಯದಲ್ಲಿ ಕೇಂದ್ರದ ಪಾಲಷ್ಟೇ, ನಮ್ಮ ರಾಜ್ಯ ಕೊಡೋ ಹೆಚ್ಚಿನದು ಸಿಗೋದಿಲ್ಲ. ಕಟ್ಟಡ ಕೆಲಸದಲ್ಲಿ 90 ದಿನ ದುಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. ಮತ್ತೆ, ರಾತ್ರಿ ಹೊತ್ತು ಜ್ವರ ಬಂದರೆ ಬಾಗಿಲು ತಟ್ಟೋಕೆ ನಮ್ಮವರ ಒಂದು ಮನೆಯಾದರೂ ಆ ಊರಲ್ಲಿ ಐತೋ? ಒಂಟಿ ಸಂಸಾರಕ್ಕೆ ದೊಡ್ಡ ಪಟ್ಟಣ ಅಂದರೆ ದೊಡ್ಡ ಕಾಡೇ.

ಈ ನಾಲ್ಕನ್ನೂ ಗಂಡಸರಷ್ಟೇ ಚಾದಂಗಡಿಯಲ್ಲಿ ಕೂತು ತೀರ್ಮಾನಿಸಬಾರದು. ನೀರು ಎಷ್ಟು ದೂರ, ಕಕ್ಕಸು ಎಲ್ಲಿ, ಕತ್ತಲಲ್ಲಿ ದಾರಿ ಹೇಗೆ ಅಂತ ಅಕ್ಕಂದಿರಿಗೆ ಗೊತ್ತು. ಅವರು ಬೇಡ ಅಂದ ಊರು ಬೇಡ.

ಇವನ್ನೆಲ್ಲ ತೂಗಿದರೆ ನಮಗೆ ಕಾಣೋದು ಇಷ್ಟು. ದೂರದ ಊರಿನ ದಿನಗೂಲಿ ಕೇಳೋಕೆ ಚೆಂದ. ಬಾಡಿಗೆ, ನೀರು, ಬಸ್ಸು, ಮೇಸ್ತ್ರಿ ಪಾಲು ಕಳೆದು, ಹಬ್ಬಕ್ಕೆ ಸಾವಿಗೆ ಬಂದುಹೋಗೋ ಖರ್ಚು ಕಳೆದು, ಶಾಲೆ ಬಿಟ್ಟ ಮಗುವನ್ನೂ ಕಳೆದು ನೋಡಿ, ಕೈಗೆ ಏನು ಉಳಿಯಿತು? ಅದಕ್ಕಿಂತ ಹೊಸಪೇಟೆ, ತೋರಣಗಲ್ಲು, ಬಳ್ಳಾರಿ, ಕೊಪ್ಪಳ ಮೊದಲು ನೋಡಿ. ಅಲ್ಲಿ ಆಗದಿದ್ದರೆ ಹುಬ್ಬಳ್ಳಿ, ಬೆಂಗಳೂರು. ಗಡಿ ದಾಟೋದು ಕಟ್ಟಕಡೆಯ ಮಾತು. ದಾಟಲೇಬೇಕಾದರೆ ಮಕ್ಕಳನ್ನು ಹಾಸ್ಟೆಲ್ಲಿಗೆ ಸೇರಿಸಿ ಹೋಗಿ, ಕಟ್ಟಿಕೊಂಡು ಹೋಗಬೇಡಿ.

ಇನ್ನು ಊರು ಬಿಡುವಾಗ ಮಾಡಬಾರದ್ದು ಎರಡು.

ಮುಂಗಡ ಇಸ್ಕೊಳ್ಳಬೇಡಿ. ಮುಂಗಡ ಇಸ್ಕೊಂಡವನು ಊರು ಆರಿಸೋದಿಲ್ಲ, ಊರೇ ಅವನನ್ನು ಕೊಳ್ಳುತ್ತದೆ. ಸಾಲ ತೀರೋ ತನಕ ಹಿಡಿದು ದುಡಿಸೋದು ಜೀತ. 1976ರ ಕಾಯ್ದೆ ಅದನ್ನು ಅಪರಾಧ ಅಂದಿದೆ.

ಜಮೀನು ಮಾರಬೇಡಿ. ಸರ್ಕಾರ ಮಂಜೂರು ಮಾಡಿದ ನಮ್ಮವರ ಭೂಮಿಯನ್ನು ಅನುಮತಿ ಇಲ್ಲದೆ ಪರಭಾರೆ ಮಾಡೋ ಹಾಗಿಲ್ಲ ಅಂತ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ಕಳೆದ ಭೂಮಿ ಕೇಳೋಕೆ ಕಾಲದ ಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಊರಲ್ಲಿ ನಮ್ಮದು ಅಂತ ಒಂದು ಗೇಣು ಇದ್ದರೆ, ಪಟ್ಟಣದಲ್ಲಿ ಸೋತವನು ತಲೆ ಎತ್ತಿಕೊಂಡು ತಿರುಗಿ ಬರಬಹುದು.

ಬಂಧುಗಳೇ, ಬೇಸಿಗೆ ಬರೋ ತನಕ ಕಾಯಬೇಡಿ. ಹಸಿವು ಬಂದ ಮೇಲೆ ಆರಿಸೋಕೆ ಆಗೋದಿಲ್ಲ. ಹೋಗಬೇಕೆಂದಿರುವ ನಾಲ್ಕೈದು ಮನೆಯವರು ಈಗಲೇ ಕೂಡಿರಿ. ಗಂಡೊಬ್ಬರು, ಹೆಣ್ಣೊಬ್ಬರು ಮುಂಚೆ ಹೋಗಿ ಎಂಟು ದಿನ ಇದ್ದು ಶಾಲೆ, ಮನೆ, ನೀರು, ಜನ ನೋಡಿಬರಲಿ. ಬಂದು ಕೇರಿಯಲ್ಲಿ ಎಲ್ಲರ ಮುಂದೆ ಹೇಳಲಿ. ಆಮೇಲೆ ತೀರ್ಮಾನ ಮಾಡೋಣ. ಸಭೆ ಮುಗಿದ ಮೇಲೆ ಹೋಗೋ ಯೋಚನೆ ಇರೋರು ಹೆಸರು ಬರೆಸಿ. ಪತ್ರ ಇಲ್ಲದ ಮಕ್ಕಳ ಪಟ್ಟಿ ಇವತ್ತೇ ಆಗಲಿ, ತಹಶೀಲ್ದಾರರ ಕಚೇರಿಗೆ ಎಲ್ಲರೂ ಕೂಡಿ ಹೋಗೋಣ.

ಜೈ ಭೀಮ್.