ನೆತ್ತರಿನಲ್ಲಿ ಮರೆವಿನ ಕುರುಹು

ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರನು 1906ರಲ್ಲಿ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ತನ್ನ ರೋಗಿಣಿಯೋರ್ವಳ ಮಿದುಳಿನ ವೃತ್ತಾಂತವನ್ನು ನಿವೇದಿಸಿದಾಗ, ಆಕೆ ಅದಾಗಲೇ ಕಾಲವಶಳಾಗಿದ್ದಳೆಂಬುದನ್ನು ನಾವು ಮೊದಲು ಗಮನಿಸಬೇಕು. ಏಕೆಂದರೆ ಆ ಬಳಿಕವೂ ದಶಕದಶಕಗಳ ಕಾಲ, ಆಲ್ಝೈಮರನ ಹೆಸರು ಹೊತ್ತ ಈ ಮರೆವಿನ ವ್ಯಾಧಿಯನ್ನು ನಿಸ್ಸಂಶಯವಾಗಿ ನಿರ್ಣಯಿಸಲು ಮರಣೋತ್ತರ ಪರೀಕ್ಷೆಯ ಹೊರತು ಅನ್ಯ ಮಾರ್ಗವಿರಲಿಲ್ಲ. ರೋಗಿ ಬದುಕಿರುವಾಗ ವೈದ್ಯನು ಹೇಳಬಹುದಾಗಿದ್ದುದು ‘ಇರಬಹುದು’ ಎಂದಷ್ಟೆ. ಮನೆಯವರಾದರೋ ವೃದ್ಧಾಪ್ಯದ ಅರಳುಮರುಳೆಂದು ನಿಟ್ಟುಸಿರಿಟ್ಟು ಸುಮ್ಮನಾಗುತ್ತಿದ್ದರು.

ಸೂಕ್ಷ್ಮದರ್ಶಕದಡಿ ಆತನು ಕಂಡ ವಿಕೃತಿಗಳು ಎರಡು: ನರಕೋಶಗಳ ನಡುವೆ ಸಂಚಯಗೊಂಡ ಚಕ್ಕೆಗಳು, ನರಕೋಶಗಳೊಳಗೆ ಸಿಕ್ಕುಬಿದ್ದ ಎಳೆಗಳು. ಚಕ್ಕೆಗಳು ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನವು, ಎಳೆಗಳು ಟೌ ಎಂಬ ಪ್ರೋಟೀನಿನವು ಎಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು.

ಮಿದುಳನ್ನೂ ಬೆನ್ನುಹುರಿಯನ್ನೂ ಬಳಸಿ ಹರಿಯುವ ತಿಳಿಯಾದ ದ್ರವವೊಂದಿದೆ. ವಯಸ್ಕರಲ್ಲಿ ಅದರ ಪ್ರಮಾಣ ಸುಮಾರು 150 ಮಿಲಿಲೀಟರು. ಬದುಕಿರುವವರ ಸೊಂಟದ ಕಶೇರುಗಳ ನಡುವೆ ಸೂಜಿಯನ್ನು ಹೊಗಿಸಿ ಅದನ್ನು ಸಂಗ್ರಹಿಸಿ, ಅದರಲ್ಲಿ ಈ ಪ್ರೋಟೀನುಗಳನ್ನು ಅಳೆದಾಗ, 1990ರ ದಶಕದ ಸಂಶೋಧಕರಿಗೆ ಒಂದು ವಿಚಿತ್ರ ಸಂಗತಿ ಗೋಚರವಾಯಿತು. ಮಿದುಳಿನಲ್ಲಿ ಅಮಿಲಾಯ್ಡ್ ಹೆಚ್ಚಿದ್ದವರ ದ್ರವದಲ್ಲಿ ಅದು ಹೆಚ್ಚಿರಲಿಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು! ಹೊಳೆಯ ಕೆಳಪಾತ್ರದಲ್ಲಿ ಕೆಸರು ಕಡಮೆಯಾದರೆ ಹೂಳು ಮೇಲಣ ಕಟ್ಟೆಯಲ್ಲಿ ನಿಂತಿತೆಂದು ತಿಳಿಯುವಂತೆ, 42 ಅಮೈನೋ ಆಮ್ಲಗಳುಳ್ಳ ಅಂಟುಸ್ವಭಾವದ ಅಮಿಲಾಯ್ಡ್ ಚಕ್ಕೆಗಳಲ್ಲೇ ಸೆರೆಯಾಗಿ ದ್ರವಕ್ಕೆ ಬಾರದೆ ಉಳಿಯುತ್ತದೆ. 40 ಅಮೈನೋ ಆಮ್ಲಗಳ ಅದರ ಸೋದರರೂಪವು ಅಷ್ಟು ಅಂಟುವುದಿಲ್ಲವಾದುದರಿಂದ, ಇವೆರಡರ ಅನುಪಾತವನ್ನು ನೋಡುವುದು ಒಂದನ್ನೇ ಅಳೆಯುವುದಕ್ಕಿಂತ ವಿಶ್ವಾಸಾರ್ಹ. ಟೌ ಮಾತ್ರ ಇದಕ್ಕೆ ವಿರುದ್ಧ. ತನ್ನ ಸರಪಳಿಯ 217ನೆಯ ಸ್ಥಾನದಲ್ಲಿ ಫಾಸ್ಫೇಟನ್ನು ಧರಿಸಿದ ಟೌ, ಅಮಿಲಾಯ್ಡ್ ಶೇಖರವಾದಂತೆಲ್ಲ ದ್ರವದಲ್ಲಿ ಏರುತ್ತದೆ.

ಬೆನ್ನಿಗೆ ಸೂಜಿಯೆಂದರೆ ಅಂಜದವರಾರು? ಆದುದರಿಂದಲೇ ಇದೇ ಕುರುಹನ್ನು ರಕ್ತದಲ್ಲಿ ಅರಸುವ ಸಾಹಸಕ್ಕೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕಾಯ್ ಬ್ಲೆನ್ನೋ, ಹೆನ್ರಿಕ್ ಜೆಟರ್‌ಬರ್ಗ್ ಮೊದಲಾದವರು ವರ್ಷಾನುವರ್ಷ ಶ್ರಮಿಸಿದರು. ಅಮಿಲಾಯ್ಡ್ ದೇಹದ ಇತರ ಅಂಗಗಳಲ್ಲೂ ಹುಟ್ಟುವುದರಿಂದ ರಕ್ತದಲ್ಲಿ ಅದರ ಇಳಿಕೆ ಅಲ್ಪ. ಟೌ ಇರುವುದಾದರೋ ಮಿಲಿಲೀಟರಿಗೆ ಗ್ರಾಮಿನ ಲಕ್ಷಕೋಟಿಯ ಒಂದು ಪಾಲಿನ ಆಸುಪಾಸು. ಅಷ್ಟು ಸೂಕ್ಷ್ಮವನ್ನು ಅಳೆಯಬಲ್ಲ ಉಪಕರಣಗಳು ಬಂದ ಮೇಲೆಯೇ ಮಾರ್ಗ ತೆರೆಯಿತು. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಮರೆವಿನ ದೂರಿನೊಡನೆ ಬಂದ 1213 ಮಂದಿಯನ್ನು ಪರೀಕ್ಷಿಸಲಾಗಿ, ಸಾಮಾನ್ಯ ವೈದ್ಯರ ನಿರ್ಣಯ ಶೇಕಡ 61ರಷ್ಟು, ತಜ್ಞರದು ಶೇಕಡ 73ರಷ್ಟು, ರಕ್ತಪರೀಕ್ಷೆಯದು ಶೇಕಡ 91ರಷ್ಟು ಸರಿಯಾಗಿತ್ತು. ಮರುವರ್ಷದ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂಥದೊಂದು ಪರೀಕ್ಷೆಗೆ ಅನುಮತಿಯಿತ್ತಿತು. ಆದರೆ 55 ವರ್ಷ ತುಂಬಿದ, ಲಕ್ಷಣಗಳು ಈಗಾಗಲೇ ತೋರಿರುವವರಿಗೆ ಮಾತ್ರ.

ಈ ನಿರ್ಬಂಧದ ಕಾರಣವನ್ನು ತಾವು ದಯಮಾಡಿ ಸಾವಧಾನವಾಗಿ ಕೇಳಬೇಕು. ಸಾವಿರ ಜನರಲ್ಲಿ ನೂರು ಮಂದಿಗೆ ರೋಗವಿದೆಯೆಂದೂ, ಪರೀಕ್ಷೆಯು ರೋಗಿಗಳಲ್ಲಿಯೂ ನಿರೋಗಿಗಳಲ್ಲಿಯೂ ಶೇಕಡ 90ರಷ್ಟು ಸರಿಯೆಂದೂ ಭಾವಿಸೋಣ. ಆಗ ರೋಗಿಗಳಲ್ಲಿ 90 ಮಂದಿ ಪತ್ತೆಯಾಗುತ್ತಾರೆ. ನಿರೋಗಿಗಳಾದ 900 ಜನರಲ್ಲಿಯೂ 90 ಮಂದಿಗೆ ರೋಗವಿದೆಯೆಂದೇ ಫಲಿತಾಂಶ ಬರುತ್ತದೆ. ಅಂದರೆ ‘ಇದೆ’ ಎಂಬ ಉತ್ತರ ಪಡೆದವರಲ್ಲಿ ಅರ್ಧದಷ್ಟು ಮಂದಿ ವ್ಯರ್ಥವಾಗಿ ಎದೆಗುಂದುತ್ತಾರೆ. ಆರೋಗ್ಯವಂತರು ಕುತೂಹಲಕ್ಕಾಗಿ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬಾರದೆಂದು ನಾನು ದೃಢವಾಗಿ ನಂಬಿರುವುದು ಈ ಗಣಿತದ ಬಲದಿಂದಲೇ. ಇದಲ್ಲದೆ, ಮೂತ್ರಪಿಂಡದ ದೀರ್ಘಕಾಲಿಕ ವ್ಯಾಧಿಯುಳ್ಳವರ ರಕ್ತದಲ್ಲಿ ಈ ಟೌ ಬೇರೆ ಕಾರಣದಿಂದಲೇ ಏರಬಹುದು. ಇತ್ತ ಇದೆಯೆಂದೂ ಅತ್ತ ಇಲ್ಲವೆಂದೂ ಹೇಳಲಾಗದ ಮಧ್ಯಮ ಫಲವೂ ಕೆಲವರಿಗೆ ಬರುತ್ತದೆ. ಆಗ ಬೆನ್ನಿನ ದ್ರವವನ್ನೋ ಮಿದುಳಿನ ಪೆಟ್ ಸ್ಕ್ಯಾನನ್ನೋ ಆಶ್ರಯಿಸದೆ ಗತಿಯಿಲ್ಲ.

ಈ ಅಳತೆಗಳ ಗಡಿರೇಖೆಗಳೆಲ್ಲ ಬಹುಪಾಲು ಯೂರೋಪು ಅಮೆರಿಕಗಳ ಜನರಲ್ಲಿ ನಿಗದಿಯಾದವು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರವು ಹಳ್ಳಿಗಾಡಿನ ಹಿರಿಯರ ಸ್ಮೃತಿಯನ್ನೂ ರಕ್ತವನ್ನೂ ವರ್ಷಗಳಿಂದ ಪರಿಶೀಲಿಸುತ್ತಿರುವುದು ನಮಗೆ ಅತ್ಯಂತ ಮಹತ್ವದ್ದಾಗಿ ತೋರುವುದು ಇದರಿಂದಲೇ. ಇನ್ನು ಮನೆಯಲ್ಲಿ ಯಾರಿಗಾದರೂ ಮರೆವು ಹೆಚ್ಚುತ್ತಿದ್ದರೆ, ಟೌ ಅಳೆಯುವ ಮುನ್ನ ಬಿ12 ಜೀವಸತ್ವದ ಕೊರತೆ, ಥೈರಾಯ್ಡಿನ ಮಂದತೆ, ಖಿನ್ನತೆ, ನುಂಗುತ್ತಿರುವ ಮಾತ್ರೆಗಳು ಇವನ್ನು ವೈದ್ಯರಿಂದ ಮೊದಲು ವಿಚಾರಿಸಿಕೊಳ್ಳಿ. ಇವುಗಳಿಂದ ಬಂದ ಮರೆವು ಸಕಾಲದ ಚಿಕಿತ್ಸೆಯಿಂದ ಎಷ್ಟೋ ವೇಳೆ ಗುಣವಾಗುತ್ತದೆ.